ಕೊಳೆಯುವ ಇಲಾಖೆಯ ಅಳಿಯ

ಲೆಷೆಕ್‌ಗೆ ತನ್ನ ಕೆಲಸ ಏನೆಂದು ಹೇಳುವುದು ಕಷ್ಟವಿರಲಿಲ್ಲ; ಅತ್ತೆಯ ಮುಂದೆ ಹೇಳುವುದು ಕಷ್ಟವಿತ್ತು.

ಪೋಲೆಂಡಿನ ವೂಚ್ ನಗರದಲ್ಲಿ, ಮುಚ್ಚಿಹೋದ ಒಂದು ನೂಲಿನ ಗಿರಣಿಯ ಮೂರನೆಯ ಮಹಡಿಯಲ್ಲಿ, ಕಂಪ್ಯೂಟರ್ ಆಟ ತಯಾರಿಸುವ ಸಣ್ಣ ಕಂಪನಿಯೊಂದಿತ್ತು. ಅವರ ಆಟ ಇಷ್ಟೇ: ಒಬ್ಬ ಮನುಷ್ಯ ಹಿಮದ ಕಾಡಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದಿದ್ದಾನೆ, ಬೇಟೆಯಾಡಿ, ಅಣಬೆ ಕಿತ್ತು, ಬೆಂಕಿ ಹಾಕಿಕೊಂಡು ಜೀವ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳುವುದು ಸುಲಭವಾಗಿಬಿಟ್ಟರೆ ಆಡುವವರಿಗೆ ಬೇಜಾರು. ಅದಕ್ಕಾಗಿ ಅವನು ಕೂಡಿಟ್ಟ ಆಹಾರ ಕೆಡಬೇಕು. ಪ್ರತಿಯೊಂದು ತಿನಿಸಿನ ಮೇಲೂ ಒಂದು ಹಸಿರು ಪಟ್ಟಿ. ಅದು ನಿಧಾನವಾಗಿ ಹಳದಿಯಾಗುತ್ತದೆ, ಕೆಂಪಾಗುತ್ತದೆ, ಕೊನೆಗೆ ತಿನಿಸು ಕರಿ ಮುದ್ದೆಯಾಗುತ್ತದೆ. ಯಾವುದು ಎಷ್ಟು ಬೇಗ ಕೆಡಬೇಕೆಂದು ತೀರ್ಮಾನಿಸುವವನು ಲೆಷೆಕ್. ದಿನವಿಡೀ ಕುರ್ಚಿಯಲ್ಲಿ ಕುಳಿತು ಮೀನು ಕೊಳೆಸುತ್ತಿದ್ದ, ಹಾಲು ಒಡೆಸುತ್ತಿದ್ದ, ಸಂಜೆ ಮನೆಗೆ ಬಂದು ಹೆಂಡತಿ ಬೊಝೇನಾ ಬಿಸಿ ಮಾಡಿಟ್ಟ ಸೂಪು ಕುಡಿದು ಮಲಗುತ್ತಿದ್ದ. ಯಾರ ತಂಟೆಗೂ ಹೋದವನಲ್ಲ.

ಬೊಝೇನಾಳ ತಾಯಿ ಗೆನೋವೇಫಾ ಇದ್ದದ್ದು ವೂಲ್ಕಾ ಎಂಬ ಹಳ್ಳಿಯಲ್ಲಿ. ಅಲ್ಲಿನ ಗೃಹಿಣಿಯರ ಸಂಘಕ್ಕೆ ಅವಳೇ ಅಧ್ಯಕ್ಷೆ. ಅವಳಿಗೆ ಅಳಿಯನ ಮೇಲೆ ದ್ವೇಷವೇನೂ ಇರಲಿಲ್ಲ. ಬಂದಾಗ ಎರಡು ಸಲ ಬಡಿಸುತ್ತಿದ್ದಳು, ಕಾಲುಚೀಲ ಒದ್ದೆಯಾಗಿದ್ದರೆ ಒಲೆಯ ಹತ್ತಿರ ಒಣಹಾಕುತ್ತಿದ್ದಳು. ಅವಳ ಕಷ್ಟವೆಲ್ಲ ಅವನನ್ನು ನಾಲ್ಕು ಜನರಿಗೆ ಪರಿಚಯ ಮಾಡಿಕೊಡುವಾಗ ಬರುತ್ತಿತ್ತು. ಆಟ ಆಡ್ತಾನೆ ಅನ್ನುವುದೋ, ಆಟ ಮಾಡ್ತಾನೆ ಅನ್ನುವುದೋ? ಎರಡರಲ್ಲಿ ಯಾವುದನ್ನು ಹೇಳಿದರೂ ಎದುರಿನವರು ಬೊಝೇನಾಳ ಕಡೆ ಕನಿಕರದಿಂದ ನೋಡುತ್ತಿದ್ದರು. ಅದರಲ್ಲೂ ಪಕ್ಕದ ಹಳ್ಳಿಯ ಸಂಘದ ಅಧ್ಯಕ್ಷೆ ಲುದ್ಮೀಲಾ. ಅವಳ ಅಳಿಯ ದಂತವೈದ್ಯ. ಅರ್ಧ ಊರು ಅವನ ಮುಂದೆ ಬಾಯಿ ತೆರೆದು ಕುಳಿತದ್ದುಂಟು.

ಜನವರಿಯ ಮೊದಲ ವಾರ ಗೆನೋವೇಫಾಳ ನಾಮದಿನ, ಅಂದರೆ ಅವಳ ಹೆಸರಿನ ಸಂತಳ ಹಬ್ಬ. ಊಟದ ಮೇಜಿನ ಸುತ್ತ ಊರಿನ ದೊಡ್ಡವರೆಲ್ಲ ಕುಳಿತಿದ್ದರು. ಲುದ್ಮೀಲಾ ಹೆರಿಂಗ್ ಮೀನಿನ ತುಂಡೊಂದನ್ನು ಚುಚ್ಚಿಕೊಂಡು ಲೆಷೆಕ್‌ನತ್ತ ತಿರುಗಿದಳು.

"ನಮ್ಮ ಅಳಿಯಂದಿರು ಹಲ್ಲು ಕೀಳ್ತಾರೆ, ಅದು ಎಲ್ಲರಿಗೂ ಗೊತ್ತು. ನೀವು ಏನು ಮಾಡ್ತೀರಿ ಅಂತ ಹೋದ ವರ್ಷವೂ ಕೇಳ್ದೆ. ನಿಮ್ಮತ್ತೆ ಕೇಕು ತರೋಕೆ ಎದ್ದು ಹೋದ್ರು."

ಗೆನೋವೇಫಾ ಈ ವರ್ಷವೂ ಕೇಕು ತರಲು ಅರ್ಧ ಎದ್ದಿದ್ದಳು. ಲೆಷೆಕ್‌ಗೆ ಪಾಪ ಅನ್ನಿಸಿತು.

"ನಂದು ಪದಾರ್ಥ ಕೆಡೋ ವಿಭಾಗ," ಎಂದ. "ಮಾಂಸ ಎಷ್ಟು ದಿನ ಇರತ್ತೆ, ಮೀನು ಯಾವಾಗ ಹಾಳಾಗತ್ತೆ, ಹಾಲು ಯಾವಾಗ ಒಡೆಯತ್ತೆ, ಅದನ್ನೆಲ್ಲ ತೀರ್ಮಾನ ಮಾಡೋದು ನಾನೇ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ‘ಆಟದಲ್ಲಿ’ ಎಂಬ ಒಂದು ಮಾತು ಮಾತ್ರ ಬಾಕಿಯಿತ್ತು. ಅದನ್ನು ಹೇಳಲು ಬಾಯಿ ತೆರೆದವನು ಅತ್ತೆಯ ಮುಖ ನೋಡಿದ; ನೋಡಿ, ತೆರೆದ ಬಾಯಿಗೆ ಒಂದು ಚಮಚ ಬೀಟ್ರೂಟು ತುರುಕಿಕೊಂಡ. ಆ ಮುಖದಲ್ಲಿ, ಮದುವೆಯಾದಂದಿನಿಂದ ಮೊದಲ ಬಾರಿಗೆ, ದೀಪ ಹತ್ತಿತ್ತು.

ಅಗ್ನಿಶಾಮಕ ದಳದ ಮುಖ್ಯಸ್ಥ ಬೊನಿಫಾತ್ಸಿ ಗಂಟಲು ಸರಿಮಾಡಿಕೊಂಡು, ಇಂಥವರು ದೇಶಕ್ಕೆ ಬೇಕು, "ಇಂಜಿನಿಯರ್ ಸಾಹೇಬ್ರ ಆರೋಗ್ಯಕ್ಕೆ" ಎಂದು ಲೋಟ ಎತ್ತಿದ.

ವೂಲ್ಕಾದಲ್ಲಿ ಮರ್ಯಾದಸ್ಥರನ್ನು ಪದವಿಯಿಲ್ಲದೆ ಕರೆಯುವುದು ಟೋಪಿ ತೆಗೆಯದೆ ಇಗರ್ಜಿಯೊಳಗೆ ಹೋದ ಹಾಗೆ. ಯಾವ ಪದವಿ ಎಂದು ಸರಿಯಾಗಿ ಗೊತ್ತಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನದನ್ನೇ ಹೇಳುವುದು ವಾಡಿಕೆ. ಕೆಳಗಿನದನ್ನು ಹೇಳಿದರೆ ಅವಮಾನ. ಮೇಲಿನದನ್ನು ಹೇಳಿದರೆ ಇದುವರೆಗೆ ಯಾರೂ ತಿದ್ದಿದ್ದಿಲ್ಲ. ಲೆಷೆಕ್ ಕೂಡ ತಿದ್ದಲಿಲ್ಲ.

ಅಲ್ಲಿಂದ ಮುಂದೆ ಅವನು ಅತ್ತೆಯ ಮನೆಗೆ ಹೋದಾಗಲೆಲ್ಲ ಅಂಗಳದಲ್ಲಿ ಯಾರಾದರೂ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಬಂದವರನ್ನು ಬರಿಗೈಯಲ್ಲಿ ಕಳಿಸುವ ಸ್ವಭಾವ ಅವನದಲ್ಲ. ಗೊತ್ತಿದ್ದದ್ದನ್ನು ಹೇಳಿದ. ಅವನಿಗೆ ಗೊತ್ತಿದ್ದದ್ದು ಆಟದ ನಿಯಮಗಳು.

ಆಟದಲ್ಲಿ ಆಟಗಾರ ನೆಲಮಾಳಿಗೆಯಿಂದ ದೂರ ಹೋದರೆ ಕಂಪ್ಯೂಟರು ಆ ನೆಲಮಾಳಿಗೆಯ ಲೆಕ್ಕವನ್ನೇ ಬಿಟ್ಟುಬಿಡುತ್ತದೆ; ವಾಪಸು ಬರುವವರೆಗೆ ಅಲ್ಲಿ ಏನೂ ಕೆಡುವುದಿಲ್ಲ. ಹಾಗಾಗಿ ಹೊಗೆಯಾಡಿಸಿದ ಹಂದಿತೊಡೆ ತಂದ ಹೆಂಗಸಿಗೆ ಅವನು, ಪದೇ ಪದೇ ಹೋಗಿ ನೋಡುವುದರಿಂದಲೇ ಪದಾರ್ಥ ಹಾಳಾಗುವುದು, ಯಾರೂ ಕಾಲಿಡದಿದ್ದರೆ ನೆಲಮಾಳಿಗೆಯಲ್ಲಿ ಕಾಲವೇ ನಡೆಯುವುದಿಲ್ಲ ಎಂದು ತಿಳಿಸಿದ. ಅವಳು ಅಂದೇ ನೆಲಮಾಳಿಗೆಗೆ ಬೀಗ ಜಡಿದು ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಒಳಗೆ ಗಂಡನ ಬಿಯರ್ ಇತ್ತು. ಅವನು ಜಗಳಕ್ಕೆ ಬಂದ. ಹೆಂಡತಿಯಿಂದ, "ಡಾಕ್ಟರ್ ಹೇಳಿದ್ದಾರೆ, ನಿನ್ನ ಬಿಯರಿಗೂ ಒಳ್ಳೇದು" ಎಂಬ ಉತ್ತರ ಸಿಕ್ಕಿತು. ಹೀಗೆ ಲೆಷೆಕ್ ಜನವರಿ ಮುಗಿಯುವುದರೊಳಗೆ ಡಾಕ್ಟರ್ ಆದ.

ಇನ್ನೊಂದು ನಿಯಮವಿತ್ತು. ಹಳೆಯ ತಿನಿಸಿನ ರಾಶಿಗೆ ಹೊಸದನ್ನು ಸೇರಿಸಿದರೆ ಎರಡರ ಪಟ್ಟಿಯೂ ಒಂದಾಗಿ, ಹಳೆಯದು ಸ್ವಲ್ಪ ಎಳೆಯದಾಗುತ್ತದೆ, ಹೊಸದು ಸ್ವಲ್ಪ ಮುದಿಯಾಗುತ್ತದೆ. ಬೊನಿಫಾತ್ಸಿ ತನ್ನ ಹಳೆಯ ಸಾಸೇಜಿನ ವಿಷಯ ಕೇಳಿದಾಗ ಲೆಷೆಕ್ ಇದನ್ನು ವಿವರಿಸಿದ. ಬೊನಿಫಾತ್ಸಿ ತುಂಬ ಹೊತ್ತು ಯೋಚಿಸಿ, ಹಳೆಯ ಸಾಸೇಜಿನ ಜೊತೆ ಹೊಸದನ್ನು ನೇತುಹಾಕಿದ್ದಲ್ಲದೆ, ದಳದ ಕವಾಯತಿನಲ್ಲೂ ಮಂಡಿನೋವಿನ ಮುದುಕರ ನಡುನಡುವೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿದ. ಫಲಿತಾಂಶ ಬರಲು ಕಾಲ ಹಿಡಿಯುತ್ತದೆ ಎಂದು ಎಲ್ಲರೂ ಒಪ್ಪಿಕೊಂಡರು.

ಮನೆಗೆ ಮರಳುವ ದಾರಿಯಲ್ಲಿ ಬೊಝೇನಾ ಗಂಡನನ್ನು ಮೆತ್ತಗೆ ವಿಚಾರಿಸಿದಳು.

"ಯಾರಾದ್ರೂ ನಿನ್ನ ಮಾತು ಕೇಳಿ ತಿಂದು ಹಾಸಿಗೆ ಹಿಡಿದ್ರೆ?"

"ಹೇಳ್ಬಿಡ್ತೀನಿ. ಬಿಗೋಸ್ ಸ್ಪರ್ಧೆ ಒಂದು ಮುಗೀಲಿ. ಅಮ್ಮ ಈ ವರ್ಷ ಎಷ್ಟು ಖುಷಿಯಾಗಿದ್ದಾರೆ ನೋಡು."

ಬಿಗೋಸ್ ಸ್ಪರ್ಧೆ ಎಂದರೆ ಸುತ್ತಲಿನ ಹಳ್ಳಿಗಳ ಗೃಹಿಣಿಯರ ಸಂಘಗಳೆಲ್ಲ ಉಪವಾಸದ ತಿಂಗಳು ಶುರುವಾಗುವ ಮೊದಲು ಕೂಡಿ ನಡೆಸುವ ಯುದ್ಧ. ಹುಳಿಬಂದ ಎಲೆಕೋಸು, ಮೂರು ನಾಲ್ಕು ಬಗೆಯ ಮಾಂಸ, ಒಣ ಅಣಬೆ, ಒಣ ಪ್ಲಮ್ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಬೇಯಿಸುವುದು, ನಾಳೆ ಮತ್ತೆ ಬೇಯಿಸುವುದು, ನಾಡಿದ್ದು ಮತ್ತೆ. ಮೊದಲ ದಿನ ಅದು ಬರೀ ಎಲೆಕೋಸಿನ ಪಲ್ಯ. ಬಿಗೋಸ್ ಆಗುವುದು ಮೂರನೆಯ ದಿನದ ಮೇಲೆ. ಗೆನೋವೇಫಾ ಹಿಂದಿನ ಭಾನುವಾರವೇ ಒಲೆ ಹಚ್ಚಿದ್ದಳು. ದಿನವೂ ಕೊತಕೊತ ಕುದಿಸಿ, ಹಂಡೆಯನ್ನು ಹಿತ್ತಲಿನ ಹಿಮದಲ್ಲಿ ಕುತ್ತಿಗೆಮಟ್ಟ ಹೂತಿಟ್ಟು, ಮರುದಿನ ಮತ್ತೆ ಒಳಗೆ ತರುತ್ತಿದ್ದಳು. ಲುದ್ಮೀಲಾ ಈ ಸಲ ಪಟ್ಟಣದ ರೀತಿಯಲ್ಲಿ, ಸ್ಪರ್ಧೆಯ ದಿನ ಬೆಳಿಗ್ಗೆ ಎದ್ದು ತಾಜಾ ಮಾಡಿದ್ದಳು. ದಂತವೈದ್ಯರ ಸಲಹೆಯಂತೆ.

ಶನಿವಾರ ಅಗ್ನಿಶಾಮಕ ದಳದ ಕೊಟ್ಟಿಗೆಯಿಂದ ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದುದ್ದ ಮೇಜು ಹಾಕಿದ್ದರು. ಒಂಬತ್ತು ಹಳ್ಳಿ, ಒಂಬತ್ತು ಹಂಡೆ. ಜನ ಬೆಳಗಿನ ತಿಂಡಿ ಬಿಟ್ಟು ಬಂದಿದ್ದರು. ಬಡಿಸುವ ಮೊದಲೇ ಬ್ರೆಡ್ ಖಾಲಿಯಾಗಿತ್ತು. ಆದರೆ ಆರೋಗ್ಯ ಇಲಾಖೆಯವರು ನೋಡಿ ಒಪ್ಪದೆ ಒಂದು ಸೌಟು ಸಹ ಬಡಿಸುವಂತಿರಲಿಲ್ಲ, ಮತ್ತು ಇಲಾಖೆಯ ಅಧಿಕಾರಿಣಿಯ ಕಾರು ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತು. ಟ್ರ್ಯಾಕ್ಟರು ಕಳಿಸಿದ್ದಾಗಿತ್ತು. ಟ್ರ್ಯಾಕ್ಟರಿನವನೂ ವಾಪಸು ಬಂದಿರಲಿಲ್ಲ.

ಜನ ಗೊಣಗತೊಡಗಿದರು. ಆಗ ಗೆನೋವೇಫಾ ಎದ್ದು ನಿಂತಳು. ಅವಳ ಧ್ವನಿ ಮೈಕಿಲ್ಲದೆಯೂ ಕೊಟ್ಟಿಗೆಯ ಕೊನೆಗೆ ಮುಟ್ಟಿತು.

"ಅಧಿಕಾರಿ ಯಾಕೆ ಬೇಕು? ಪ್ರೊಫೆಸರೇ ಇಲ್ಲಿ ಕೂತಿದ್ದಾರಲ್ಲ."

ಲೆಷೆಕ್ ಪ್ರೊಫೆಸರು ಯಾರೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

ಚಪ್ಪಾಳೆಯ ನಡುವೆ ಅವನನ್ನು ಹಂಡೆಗಳ ಮುಂದೆ ತಂದು ನಿಲ್ಲಿಸಿದರು. ಅಲ್ಲಿ ನಿಂತಾಗ ಅವನಿಗೆ ತಾನು ಎಲ್ಲಿ ಬಂದು ಮುಟ್ಟಿದ್ದೇನೆಂದು ತಿಳಿಯಿತು. ನಿಜ ಹೇಳಿದರೆ ಒಂಬತ್ತು ಹಳ್ಳಿಯ ಎದುರು ಅತ್ತೆಯ ಮಾನ ಹೋಗುತ್ತದೆ. ಹೇಳದೆ ತಲೆಯಾಡಿಸಿದರೆ, ಯಾವ ಹಂಡೆಯಲ್ಲಿ ಏನಿದೆಯೋ, ಇಲ್ಲಿರುವ ಮುದುಕರು ಮಕ್ಕಳೆಲ್ಲ ಅವನ ತಲೆಯನ್ನು ನಂಬಿ ತಿನ್ನುತ್ತಾರೆ. ಅಭ್ಯಾಸಬಲದಿಂದ ಅವನು ಹಂಡೆಗಳ ಮೇಲೆ ಗಾಳಿಯಲ್ಲಿ ಹಸಿರು ಪಟ್ಟಿ ಕಾಣುತ್ತದೆಯೋ ಎಂದು ಕತ್ತೆತ್ತಿ ಹುಡುಕಿದ. ಹಬೆ ಬಿಟ್ಟು ಬೇರೇನೂ ಕಾಣಲಿಲ್ಲ.

"ನೋಡಿ, ಮೂಗು ಹತ್ತಿರ ಒಯ್ಯೋದಿಲ್ಲ," ಎಂದು ಬೊನಿಫಾತ್ಸಿ ಪಕ್ಕದವನಿಗೆ ಹೇಳಿದ. "ದೊಡ್ಡ ಓದು ಓದಿದವರು ಮೇಲಿಂದಲೇ ವಾಸನೆ ಹಿಡೀತಾರೆ."

ಲೆಷೆಕ್ ಒಬ್ಬೊಬ್ಬರನ್ನೇ, ಯಾವಾಗ ಬೇಯಿಸಿದ್ದು ಎಂದು ಕೇಳಿದ. ಲುದ್ಮೀಲಾ ಇಂದು ಬೆಳಿಗ್ಗೆ ಎಂದಳು. ಅವನ ಆಟದಲ್ಲಿ ಅದು ಅಚ್ಚ ಹಸಿರು. ಗೆನೋವೇಫಾ ಎದೆ ಸೆಟೆಸಿ, ಹೋದ ಭಾನುವಾರ ಎಂದಳು. ಅವನ ಆಟದಲ್ಲಿ ಅದು ಬುಧವಾರವೇ ಕರಿ ಮುದ್ದೆ.

ಅತ್ತೆ ಅವನನ್ನೇ ನೋಡುತ್ತಿದ್ದಳು. ಲೆಷೆಕ್‌ಗೆ ಆಟದ ಕೊನೆಯ ನಿಯಮ ನೆನಪಾಯಿತು: ಗೊತ್ತಾಗದಿದ್ದರೆ ತಿಂದು ನೋಡುವುದು. ತಿಂದವನ ಪ್ರಾಣ ಕಡಿಮೆಯಾದರೆ ಅದು ಕೆಟ್ಟದ್ದು. ಇದರಲ್ಲಿ ಬೇರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂಬುದೊಂದು ಸಮಾಧಾನ.

"ಒಂದು ತಟ್ಟೆ ಕೊಡಿ," ಎಂದ. "ನಾನು ಹೇಳೋವರೆಗೂ ಇನ್ಯಾರೂ ಮುಟ್ಟಬೇಡಿ."

ಮೊದಲು ಅತ್ತೆಯ ಹಂಡೆಯಿಂದ ಒಂದು ತಟ್ಟೆ ತಿಂದ. ತಿಂದು, ಕೈ ಮಡಿಲಲ್ಲಿಟ್ಟುಕೊಂಡು, ಸಾಯುತ್ತೇನೆಯೋ ಎಂದು ಕಾದ. ಹಸಿದ ಜನವೆಲ್ಲ ಅವನ ಜೊತೆ ಕಾದರು. ಸಾಯಲಿಲ್ಲ. ಎರಡನೆಯ ಹಂಡೆ. ಮತ್ತೆ ಕಾದದ್ದು. ಮೂರನೆಯ ತಟ್ಟೆಯ ಹೊತ್ತಿಗೆ ಊರಿನವರಿಗೆ ಲಯ ಸಿಕ್ಕಿತ್ತು. ಅವನು ಚಮಚ ಎತ್ತಿದಾಗ ಉಸಿರು ಹಿಡಿಯುತ್ತಿದ್ದರು, ನುಂಗಿದಾಗ ಬಿಡುತ್ತಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಅವನ ಬಣ್ಣ ನೋಡಿ ಹಿಂದಿನ ಸಾಲುಗಳಿಗೆ ಕೂಗಿ ವರದಿ ಒಪ್ಪಿಸುತ್ತಿದ್ದಳು: "ಕೆನ್ನೆ ಚೆನ್ನಾಗಿದೆ." "ಕಿವಿ ಸ್ವಲ್ಪ ಕೆಂಪಾಯ್ತು." ನಾಲ್ಕನೆಯದು ಲುದ್ಮೀಲಾಳ ಹಂಡೆಯದು, ಅದನ್ನೂ ಮರ್ಯಾದೆಯಿಂದ ಮುಗಿಸಿದ.

ಆರನೆಯ ತಟ್ಟೆಗೆ ಲೆಷೆಕ್ ಬೆವರತೊಡಗಿದ. ಹೊಟ್ಟೆ ತುಂಬಿದ್ದರ ಬೆವರು ಅದು. ಆದರೆ ಆರನೆಯ ಹಂಡೆಯ ಹಳ್ಳಿಯವರಿಗೆ ಹಾಗನ್ನಿಸಲಿಲ್ಲ. ಆ ಹಂಡೆಯ ಒಡತಿ ಸೌಟು ಹಿಡಿದೇ ಮುಂದೆ ಬಂದು, ನಮ್ಮದಕ್ಕೆ ಮಾತ್ರ ಬೆವರಿದ್ದು ಯಾಕೆ ಎಂದು ವಿಚಾರಿಸಿದಳು. ಅವನು, ಹಾಗಲ್ಲಮ್ಮಾ, ನಿಮ್ಮದು ಬಹಳ ರುಚಿ ಎಂದ. ಅಷ್ಟಕ್ಕೆ ಮೊದಲ ಐದು ಹಂಡೆಯವರು ಎದ್ದು, ಹಾಗಾದರೆ ನಮ್ಮದಕ್ಕೆ ಯಾಕೆ ಬೆವರಲಿಲ್ಲ ಎಂದು ಕೇಳತೊಡಗಿದರು. ಬೊಝೇನಾ ಗಂಡನ ಹಿಂದೆ ನಿಂತು, ತಾಯಿ ಮಗುವಿಗೆ ಸಡಿಲಿಸುವ ಹಾಗೆ, ಅವನ ಬೆಲ್ಟನ್ನು ಒಂದೊಂದೇ ತೂತು ಸಡಿಲಿಸುತ್ತ ಬಂದಳು.

ಒಂಬತ್ತನೆಯ ತಟ್ಟೆ ಅರ್ಧವಾದಾಗ ಬಾಗಿಲು ತೆರೆಯಿತು. ಟ್ರ್ಯಾಕ್ಟರಿನ ಮೇಲೆ ಕುಳಿತು ಬಂದು ಮೂಗು ಕೆಂಪಾಗಿದ್ದ ತರುಣಿ ಒಳಗೆ ಬಂದಳು. ಕಾಲಿನಾ ಎಂದು ಹೆಸರು. ಇಲಾಖೆಯ ಅಧಿಕಾರಿಣಿ ಅವಳೇ. ಚೀಲದಿಂದ ಉಷ್ಣಮಾಪಕದ ಸೂಜಿ ತೆಗೆದು ಹಂಡೆಯಿಂದ ಹಂಡೆಗೆ ಚುಚ್ಚುತ್ತ ನಡೆದಳು. ಗೆನೋವೇಫಾಳ ಹಂಡೆಯ ಮುಂದೆ ನಿಂತು ಹೇಗೆ ಮಾಡಿದ್ದೆಂದು ಕೇಳಿದಳು. ದಿನವೂ ಕುದಿಸಿ ಹಿಮದಲ್ಲಿ ಹೂತದ್ದನ್ನು ಕೇಳಿ, ಎಲ್ಲರೂ ಹೀಗೇ ಮಾಡಿದರೆ ನನಗೆ ಕೆಲಸವೇ ಇರುವುದಿಲ್ಲ ಎಂದಳು. ಲುದ್ಮೀಲಾಳ ಹಂಡೆ ಬೆಳಗಿನಿಂದ ಕಂಬಳಿಯೊಳಗೆ ಕುಳಿತು ಉಗುರುಬೆಚ್ಚಗಾಗಿತ್ತು.

"ಇದನ್ನ ಬಡಿಸೋ ಹಾಗಿಲ್ಲ, ಇಷ್ಟು ಬೆಚ್ಚಗಿದ್ರೇ ಕ್ರಿಮಿ ಬೆಳೆಯೋದು. ಇದನ್ನ ಯಾರಾದ್ರೂ ತಿಂದ್ರಾ?"

ಇಡೀ ಕೊಟ್ಟಿಗೆ ಲೆಷೆಕ್‌ನತ್ತ ಬೆರಳು ಮಾಡಿತು.

ಕಾಲಿನಾ ಅವನ ಎದುರು ಬಂದು ನಿಂತಳು. ನೀವು ಯಾವ ಸಂಸ್ಥೆಯವರು, ಯಾವ ವಿಧಾನದಲ್ಲಿ ಪರೀಕ್ಷೆ ಮಾಡುತ್ತಿದ್ದೀರಿ ಎಂದು ಕೇಳಿದಳು. ಲೆಷೆಕ್ ಏಳಲು ನೋಡಿದ, ಆಗಲಿಲ್ಲ, ಕುಳಿತೇ ಹೇಳಿದ.

"ನಾನು ಕಂಪ್ಯೂಟರ್ ಆಟ ಮಾಡೋನು. ಆಟದಲ್ಲಿ ಪದಾರ್ಥ ಕೆಡಿಸ್ತೀನಿ. ನಿಜವಾದ ಪದಾರ್ಥದ ವಿಷಯ ನಂಗೇನೂ ಗೊತ್ತಿಲ್ಲ. ತಪ್ಪು ನಂದು, ಅಮ್ಮಂದಲ್ಲ."

ಲುದ್ಮೀಲಾ ತನ್ನ ಹಂಡೆಯ ದುಃಖ ಮರೆತು ಮುಂದೆ ಬಂದಳು.

"ಅಂದ್ರೆ ಪ್ರೊಫೆಸರ್ ಅಲ್ಲ?"

"ಅಲ್ಲ."

"ಡಾಕ್ಟರ್?"

"ಅಲ್ಲ."

"ಹೋಗ್ಲಿ, ಇಂಜಿನಿಯರ್?"

"ನಾನು ಓದಿದ್ದು ಭೂಗೋಳ."

ಹಿಂದಿನ ಸಾಲಿನಲ್ಲಿ, ಕೊರಳಲ್ಲಿ ಬೀಗದ ಕೈ ಇದ್ದ ಹೆಂಗಸಿನ ಗಂಡ ಕೈ ಚಾಚಿದ. ಅವಳು ಬೀಗದ ಕೈ ಬಿಚ್ಚಿ ಕೊಟ್ಟಳು.

ಎಲ್ಲರೂ ಗೆನೋವೇಫಾಳನ್ನು ನೋಡಿದರು. ಅವಳು ಒಂದು ಗಳಿಗೆ ಏಪ್ರನ್ನಿಗೆ ಕೈ ಒರೆಸುತ್ತ ನಿಂತಳು. ಲೆಷೆಕ್ ತಲೆ ತಗ್ಗಿಸಿದ. ಎಂಟೂವರೆ ತಟ್ಟೆಗಿಂತ ಆ ಗಳಿಗೆ ಅವನ ಹೊಟ್ಟೆಯಲ್ಲಿ ಭಾರವಾಗಿ ಕುಳಿತಿತ್ತು. ಆಮೇಲೆ ಅವಳು ಅಳಿಯನ ಪಕ್ಕಕ್ಕೆ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಸಭೆಗೆ ಹೇಳಿದಳು.

"ಪ್ರೊಫೆಸರ್ ಆಗಿದ್ರೆ ದೂರ ನಿಂತು ಸೂಜಿ ಚುಚ್ತಿದ್ದ. ನಮ್ಮ ಹುಡುಗ ಮೊದಲು ತಾನು ತಿಂದ, ಯಾಕೇಂದ್ರೆ ನಿಮ್ಮ ಮಕ್ಕಳು ಸಾಯಬಾರದು ಅಂತ. ಲುದ್ಮೀಲಾ, ನಿನ್ನದನ್ನೂ ತಿಂದ. ನಿನ್ನಳಿಯ ತಿಂದ್ನಾ?"

ದಂತವೈದ್ಯರು ಕಾರಿನಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದದ್ದನ್ನು ಹಲವರು ನೋಡಿದ್ದರು. ಜನ ನಕ್ಕರು. ಬೊನಿಫಾತ್ಸಿ, ಓದು ಹೋದರೆ ಹೋಗಲಿ, ಇಂಥ ಹೊಟ್ಟೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಘೋಷಿಸಿದ. ಲೆಷೆಕ್‌ನ ಕಣ್ಣಲ್ಲಿ ನೀರು ಬಂತು. ಎಲ್ಲ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು, ಕಾಲಿನಾ ಒಂದು ಪ್ರಶ್ನೆ ಕೇಳದಿದ್ದರೆ.

"ಯಾವ ಆಟ?"

ಅವನು ವಿವರಿಸಿದ: ಹಿಮದ ಕಾಡು, ಒಬ್ಬ ಮನುಷ್ಯ. ಕಾಲಿನಾಳ ಮುಖ ಬದಲಾಯಿತು. ಇಷ್ಟು ಹೊತ್ತು ಅಧಿಕಾರಿಣಿಯಾಗಿದ್ದವಳು ಈಗ ನೊಂದವಳಾದಳು.

"ಹುಳಿ ಎಲೆಕೋಸು ನಾಲ್ಕು ದಿನಕ್ಕೆ ಕೊಳೆಯೋ ಹಾಗೆ ಮಾಡಿದ್ದು ನೀವಾ? ಚಳಿಗಾಲಕ್ಕೆ ಅಂತ ಒಂದು ಪೀಪಾಯಿ ತುಂಬಿಟ್ಟಿದ್ದೆ. ಬಂದು ನೋಡಿದ್ರೆ ಕರಿ ಮುದ್ದೆ. ಮೂರು ಸಲ ಸತ್ತಿದ್ದೀನಿ ನಾನು."

ಸುಳ್ಳು ಪದವಿಯನ್ನು ಕ್ಷಮಿಸಿದ್ದ ಒಂಬತ್ತು ಹಳ್ಳಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೊನಿಫಾತ್ಸಿ ಟೋಪಿ ತೆಗೆದ. ಗೆನೋವೇಫಾ ಅಳಿಯನ ತಲೆಯ ಮೇಲಿನಿಂದ ನಿಧಾನವಾಗಿ ಕೈ ಎತ್ತಿಕೊಂಡಳು.

"ಲೇಶು. ಇದು ನಿಜವಾ?"

"ಅಮ್ಮ, ಅದು... ಎಲ್ಲ ತರಕಾರಿಗೂ ಒಂದೇ ಲೆಕ್ಕ ಹಾಕಿದ್ವಿ."

"ಹುಳಿ ಎಲೆಕೋಸಿಗೂ?"

"ಅದಕ್ಕೂ."

"ಹುಳಿ ಹಾಕೋದೇ ಕೆಡಬಾರದು ಅಂತ," ಎಂದಳು ಗೆನೋವೇಫಾ, ಚಿಕ್ಕ ಮಗುವಿಗೆ ಹೇಳುವಷ್ಟು ಮೆಲ್ಲಗೆ. "ನಮ್ಮಜ್ಜಿ ಅದನ್ನ ತಿಂದು ಎರಡು ಯುದ್ಧ ಕಳೆದ್ಲು."

ಬಿಗೋಸ್ ಬಡಿಸಿದರು. ಗೆನೋವೇಫಾಳ ಹಂಡೆ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು, ಅದೇ ಗೆದ್ದಿತು. ಅವಳು ಬಹುಮಾನದ ಫಲಕವನ್ನು ನೋಡಲೂ ಇಲ್ಲ. ಹಂಡೆಗಳ ಹಿಂದೆ ಒಂಬತ್ತು ಸಂಘಗಳ ತುರ್ತು ಸಭೆ ಕೂಡಿತು. ಸರ್ವಾನುಮತದ ನಿರ್ಣಯವಾಯಿತು. ಲುದ್ಮೀಲಾ ಕೂಡ ಕೈ ಎತ್ತಿದಳು.

ಸೋಮವಾರ ಬೆಳಗಿನ ಬಸ್ಸಿಗೆ ಗೆನೋವೇಫಾ ವೂಚ್ ನಗರಕ್ಕೆ ಬಂದಿಳಿದಳು. ಗಿರಣಿಯ ಮೂರನೆಯ ಮಹಡಿಯ ಹುಡುಗರು ಪೊಟ್ಟಣದ ನೂಡಲ್ಸ್‌ಗೆ ಬಿಸಿನೀರು ಹುಯ್ದು ತಿನ್ನುವವರು. ಅವಳು ಮೊದಲು ಆ ಪೊಟ್ಟಣಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಹೊರಗಿಟ್ಟಳು, ಊರಿನಿಂದ ಹೊತ್ತು ತಂದ ಅಡುಗೆಯನ್ನು ಎಲ್ಲರಿಗೂ ಬಡಿಸಿದಳು, ಆಮೇಲೆ ಅಳಿಯನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತಳು. ಆಟದಲ್ಲಿ ಹುಳಿ ಎಲೆಕೋಸು ಕೊಳೆಯುವುದು ನಿಂತಿತು. ಉಪ್ಪುನೀರಿನಲ್ಲಿಟ್ಟ ಸೌತೆಕಾಯಿಗೆ ಸಬ್ಬಸಿಗೆಯ ಹೂ ಬಂತು. ಉಪ್ಪು ಹಾಕಿದ ಕೊಬ್ಬಿಗೆ ಆಯಸ್ಸು ಬಂತು. ಕಂಪನಿಯ ಮಾಲೀಕ ಎರಡು ಸಲ ಬಾಗಿಲವರೆಗೆ ಬಂದು, ಎರಡು ಸಲವೂ ತಟ್ಟೆ ತುಂಬಿಸಿಕೊಂಡು ಹಿಂದಿರುಗಿದ. ಅವಳು ಹೊರಡುವ ಮುನ್ನ ಕೊನೆಯದಾಗಿ ಬಿಗೋಸ್‌ನ ನಿಯಮ ಬರೆಸಿದಳು, ಮತ್ತು ಅದರಲ್ಲಿ ಒಂದು ಚೂರೂ ಸಡಿಲಿಸಲು ಒಪ್ಪಲಿಲ್ಲ.

ಆಟದ ಹೊಸ ಆವೃತ್ತಿ ಹೊರಬಿದ್ದ ವಾರದಲ್ಲಿ ದೂರದೂರದ ದೇಶಗಳಿಂದ ದೂರುಗಳು ಬರತೊಡಗಿದವು. ಹಿಮದ ಕಾಡಿನಲ್ಲಿ ಶೂರರು ತೋಳ ಕೊಂದು, ಅಣಬೆ ಹುಡುಕಿ, ಹಂಡೆ ತುಂಬ ಬಿಗೋಸ್ ಬೇಯಿಸಿಕೊಂಡು ಚಮಚ ಎತ್ತಿದರೆ ಮುಚ್ಚಳ ತೆರೆಯುತ್ತಿರಲಿಲ್ಲ. ಅದು ಇನ್ನೂ ಎರಡನೆಯ ದಿನ. ತುಂಬಿದ ಹಂಡೆಯನ್ನು ತಬ್ಬಿಕೊಂಡು ಜನ ಹಸಿವಿನಿಂದ ಸಾಯುತ್ತಿದ್ದರು. ಲೆಷೆಕ್ ಗಾಬರಿಯಾಗಿ ಅತ್ತೆಗೆ ಫೋನ್ ಮಾಡಿ, ಎಷ್ಟೊಂದು ಜನ ಸಾಯುತ್ತಿದ್ದಾರೆ ಅಮ್ಮ, ಏನು ಮಾಡೋಣ ಎಂದು ಕೇಳಿದ.

ಆ ಕಡೆಯಿಂದ ಸೌಟು ಹಂಡೆಯ ಅಂಚಿಗೆ ತಟ್ಟುವ ಸದ್ದು ಕೇಳಿಸಿತು.

"ಇನ್ನೊಂದು ದಿನ ಕಾಯೋಕೆ ಆಗ್ಲಿಲ್ವಂತಾ ಅವರಿಗೆ?"